ಕೆರಿಬಿಯನ್ ಸಮುದ್ರಯಾನ: ಹೊರಡುವ ಮುನ್ನ ಗೃಹಸ್ಥರು ನೋಡತಕ್ಕ ಲೆಕ್ಕ

ಮಾರೇನಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಕಳೆದ ಒಂದು ತಿಂಗಳಿನಿಂದ ರಾತ್ರಿಯ ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯ ಪಕ್ಕದಲ್ಲಿ ಮೂರು ಹಾಳೆಗಳು ಹರಡಿಕೊಳ್ಳುತ್ತಿವೆ. ಅಮೆರಿಕಾ ದೇಶದ ಟೆಕ್ಸಸ್ ಪ್ರಾಂತದ ಹ್ಯೂಸ್ಟನ್ ನಗರದಲ್ಲಿರುವ ನಮ್ಮ ಮಗಳು, ಬರುವ ಮಾರ್ಚಿ ತಿಂಗಳಲ್ಲಿ ಮಗುವಿನ ಶಾಲೆಗೆ ರಜವಿರುವಾಗ ನಾವಿಬ್ಬರೂ ಅಲ್ಲಿಗೆ ಹೋಗಿ, ತಮ್ಮ ಮೂವರೊಡನೆ ಕೆರಿಬಿಯನ್ ಸಮುದ್ರದ ವಿಹಾರನೌಕೆಯೊಂದರಲ್ಲಿ ಏಳು ರಾತ್ರಿಗಳನ್ನು ಕಳೆಯಬೇಕೆಂದು ಬರೆದು, ಮೂರು ಯಾನಗಳ ವಿವರವನ್ನು ಕಳುಹಿಸಿದ್ದಾಳೆ. "ಅಪ್ಪ, ನೀವು ಯಾವುದು ಅಂದರೆ ಅದೇ" ಎಂಬುದು ಅವಳ ಕೊನೆಯ ವಾಕ್ಯ. ಮೂವತ್ತೈದು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಈ ಮೂರು ಹಾಳೆಗಳಿಗೆ ಅಂಕ ಕೊಡುವುದು ಏನು ಮಹಾ ಎಂದು ಮೊದಲು ತೋರಿತು. ಅದು ಅಷ್ಟು ಸುಲಭವಲ್ಲವೆಂದು ಈಗ ತಿಳಿದಿರುವುದರಿಂದಲೂ, ನಮ್ಮ ಬಡಾವಣೆಯಲ್ಲಿಯೇ ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿ ಇಂತಹ ಕರೆಗಳನ್ನು ಪಡೆಯುತ್ತಿರುವ ಸಂಸಾರಗಳು ಹಲವು ಇರುವುದರಿಂದಲೂ, ನಾವು ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಅಳಿಯಂದಿರು ಖರ್ಚೆಲ್ಲ ತಮ್ಮದೆಂದರು. ಅದಕ್ಕೆ ನಾವು ಒಪ್ಪಲಿಲ್ಲ. ನಿವೃತ್ತಿಯ ಕಾಲದಲ್ಲಿ ಬಂದ ಹಣದಲ್ಲಿ ಮನೆಯ ಮಾಳಿಗೆಯನ್ನು ದುರಸ್ತಿ ಮಾಡಿಸಲೆಂದು ತೆಗೆದಿಟ್ಟ ಭಾಗವೊಂದಿದೆ. ನಮ್ಮಿಬ್ಬರ ಪಾಲು ಅದರಿಂದಲೇ ಸಲ್ಲತಕ್ಕದ್ದು. ಮಾಳಿಗೆ ಇನ್ನೊಂದು ಮಳೆಗಾಲ ಸೋರಬೇಕಾಗುತ್ತದೆ. ಇದಲ್ಲದೆ ನಮ್ಮ ಮನೆಯವರಿಗೆ ಕಳೆದ ವರ್ಷ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಸಕ್ಕರೆಯ ಕಾಯಿಲೆಯೂ ಉಂಟು. ಹೀಗಿರಲು, ತಪ್ಪು ಹಾಳೆಯನ್ನು ಆರಿಸಿಕೊಂಡರೆ ಹಣವೂ ಹೋಗಿ, ಆಕೆ ಏಳು ದಿನ ಕೋಣೆಯಲ್ಲಿ ಕುಳಿತಿರಬೇಕಾದೀತು.

ಸಮುದ್ರಯಾನವೆಂದೊಡನೆ ನಮ್ಮಂತಹ ಸಂಸ್ಕೃತದ ವಿದ್ಯಾರ್ಥಿಗಳಿಗೆ ಬೇರೊಂದು ನೆನಪೂ ಬರುವುದು. ಬೋಧಾಯನ ಧರ್ಮಸೂತ್ರವು ಪತನಕ್ಕೆ ಕಾರಣವಾದ ಕರ್ಮಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲು ಹೇಳುತ್ತದೆ. ಕಲಿವರ್ಜ್ಯಗಳಲ್ಲಿಯೂ ಅದು ಸೇರಿದೆ. ಮನುಸ್ಮೃತಿಯು ಸಮುದ್ರಯಾನ ಮಾಡಿದವನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತದೆ. ಆದರೆ ಅದೇ ಗ್ರಂಥವು ಬಡ್ಡಿಯ ವಿಚಾರಕ್ಕೆ ಬಂದಾಗ, ಸಮುದ್ರಯಾನದಲ್ಲಿ ಕುಶಲರಾದವರು ಗೊತ್ತುಮಾಡಿದ ಬಡ್ಡಿಯೇ ಪ್ರಮಾಣವೆಂದು ಒಪ್ಪುತ್ತದೆ. ಊಟದ ಪಂಕ್ತಿಗೆ ಬೇಡವಾದವನು ಲೆಕ್ಕಕ್ಕೆ ಬೇಕಾದನು! ನಾವೂ ಶಾಸ್ತ್ರವನ್ನು ಅಲ್ಲಿಗೆ ಬಿಟ್ಟು ಲೆಕ್ಕಕ್ಕೇ ಬರುತ್ತೇವೆ.

ಮೊದಲು ಮಾರ್ಗ. ಕೆರಿಬಿಯನ್ ಯಾನಗಳನ್ನು ಪಶ್ಚಿಮ, ಪೂರ್ವ, ದಕ್ಷಿಣ ಎಂದು ಮೂರು ಬಗೆಯಾಗಿ ಹೇಳುವುದು ವಾಡಿಕೆ. ನಮ್ಮ ಮೂರು ಹಾಳೆಗಳೂ ಈ ಮೂರಕ್ಕೆ ಒಂದೊಂದರಂತೆ ಇವೆ. ಮೊದಲನೆಯದು ಹ್ಯೂಸ್ಟನ್ನಿಗೆ ಸುಮಾರು 50 ಮೈಲಿ ದೂರದ ಗ್ಯಾಲ್ವೆಸ್ಟನ್ ರೇವಿನಿಂದ ಹೊರಟು ಮೆಕ್ಸಿಕೋ ದೇಶದ ಕೊಜುಮೆಲ್, ಕೋಸ್ಟ ಮಾಯಾ ಎಂಬ ಸ್ಥಳಗಳನ್ನೂ ಹೊಂಡುರಾಸ್ ದೇಶದ ರೋಆಟಾನ್ ದ್ವೀಪವನ್ನೂ ಮುಟ್ಟಿ ಹಿಂದಿರುಗುವುದು. ಎರಡನೆಯದು ಫ್ಲಾರಿಡಾ ಪ್ರಾಂತದ ಮಯಾಮಿಯಿಂದ ಹೊರಟು ಪೋರ್ಟೊ ರೀಕೋ ದ್ವೀಪದ ಸಾನ್ ವಾನ್, ಸೇಂಟ್ ಥಾಮಸ್ ಮತ್ತು ಬಹಾಮಾ ದ್ವೀಪಸಮೂಹದಲ್ಲಿ ಹಡಗಿನ ಕಂಪೆನಿಯವರೇ ಇಟ್ಟುಕೊಂಡಿರುವ ಒಂದು ದ್ವೀಪಕ್ಕೆ ಹೋಗತಕ್ಕದ್ದು. ಮೂರನೆಯದು ಸಾನ್ ವಾನ್ ರೇವಿನಿಂದಲೇ ಹೊರಟು ಸೇಂಟ್ ಲೂಸಿಯಾ, ಮಾರ್ಟಿನೀಕ್, ಬಾರ್ಬಡೋಸ್, ಗ್ರೆನಡಾ ಮುಂತಾದ ಐದು ದ್ವೀಪಗಳನ್ನು ದಿನಕ್ಕೊಂದರಂತೆ ತೋರಿಸುವುದು.

ನಮ್ಮ ಮನಸ್ಸು ನೆಟ್ಟಗೆ ಮೂರನೆಯ ಹಾಳೆಗೆ ಹೋಯಿತೆಂಬುದನ್ನು ಮರೆಮಾಚುವುದಿಲ್ಲ. ನಮ್ಮ ಪೀಳಿಗೆಯ ಬೆಂಗಳೂರಿನವರಿಗೆ ಕೆರಿಬಿಯನ್ ಎಂಬುದು ಕ್ರಿಕೆಟ್ಟಿನಿಂದ ಬಂದ ಭೂಗೋಳ. 1974ರ ನವೆಂಬರಿನಲ್ಲಿ ಈ ಊರಿನಲ್ಲಿ ನಡೆದ ಮೊತ್ತಮೊದಲ ಟೆಸ್ಟ್ ಪಂದ್ಯ ವೆಸ್ಟ್ ಇಂಡೀಸಿನವರೊಡನೆಯೇ. ರಿಚರ್ಡ್ಸ್ ಮತ್ತು ಗ್ರೀನಿಜ್ ಇಬ್ಬರೂ ತಮ್ಮ ಮೊದಲ ಟೆಸ್ಟನ್ನು ಆಡಿದ್ದು ಇಲ್ಲಿಯೇ. 1976ರಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮವರು 403 ಓಟಗಳ ಗುರಿಯನ್ನು ಮುಟ್ಟಿ ಗೆದ್ದಾಗ ಭದ್ರಾವತಿಯ ವಿಶ್ವನಾಥರು 112 ಓಟಗಳನ್ನು ಹೊಡೆದಿದ್ದರು. ಹನ್ನೊಂದು ವರ್ಷದ ಹುಡುಗನ ಕಿವಿಯಲ್ಲಿ ಅಂದು ಬಿದ್ದ ಆ ಊರಿನ ಹೆಸರು ಇಂದಿಗೂ ಹೊರಗೆ ಹೋಗಿಲ್ಲ. ಕ್ರಿಕೆಟ್ಟಿಗಿಂತಲೂ ದೊಡ್ಡ ಕಥೆಯೊಂದು ಆ ದ್ವೀಪಕ್ಕೆ ಇದೆ. ಕರಾರಿನ ಕೂಲಿಗಳಾಗಿ ನಮ್ಮ ದೇಶದ ಜನ ಗಯಾನಾಕ್ಕೆ 1838ರಲ್ಲಿಯೂ ಟ್ರಿನಿಡಾಡಿಗೆ 1845ರ ಮೇ 30ರಂದೂ ಮೊದಲು ಕಾಲಿಟ್ಟರು. ಟ್ರಿನಿಡಾಡಿಗೆ ಹೋದ ಆ ಮೊದಲ ಹಡಗು, ಫತೆಲ್ ರಜಾಕ್, ಕಲ್ಕತ್ತೆಯನ್ನು ಬಿಟ್ಟು ಅಲ್ಲಿಗೆ ಸೇರಲು ಮೂರು ತಿಂಗಳಿಗೂ ಮೀರಿ ಹಿಡಿಯಿತು. ಮುಂದೆ ಕಲ್ಕತ್ತೆಯಿಂದಲೂ ಮದರಾಸಿನಿಂದಲೂ ಇಂತಹ ಹಡಗುಗಳು ಕಬ್ಬಿನ ತೋಟಗಳಿಗೆ ಜನರನ್ನು ಒಯ್ದವು. 1917ರಲ್ಲಿ ಈ ಪದ್ಧತಿ ನಿಂತಿತು. ಆ ಜನರ ಮಕ್ಕಳ ಮಕ್ಕಳೇ ಕನ್ಹಾಯ್, ರಾಮಾಧೀನ್, ಚಂದ್ರಪಾಲ್. ಅವರ ಊರುಗಳನ್ನು ಕಣ್ಣಾರೆ ಕಾಣಬೇಕೆಂಬುದು ನಮ್ಮ ಆಸೆ. ಆದರೆ ಮೂರು ಹಾಳೆಗಳಲ್ಲಿ ಒಂದರಲ್ಲಿಯೂ ಟ್ರಿನಿಡಾಡ್ ಇಲ್ಲ. ಬಾರ್ಬಡೋಸಿನ ಬ್ರಿಜ್‌ಟೌನ್ ಮಾತ್ರ ಇದೆ. ಕೆನ್ಸಿಂಗ್ಟನ್ ಮೈದಾನದ ಬೇಲಿಯನ್ನಾದರೂ ಮುಟ್ಟಿ ಬರಬಹುದು.

ಇನ್ನು ಹಣದ ವಿಚಾರ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ ಮೊತ್ತವು ತಲೆಗೆ ಇಷ್ಟೆಂದು ಹೇಳಿದ್ದು. ಅದೂ ಒಂದು ಕೋಣೆಯಲ್ಲಿ ಇಬ್ಬರಿರುವರೆಂದು ಭಾವಿಸಿ, ಕಿಟಕಿಯಿಲ್ಲದ ಒಳಗೋಣೆಗೆ ಕಟ್ಟಿದ ಬೆಲೆ. ಒಂಟಿಯಾಗಿ ಹೋಗುವವರು ಬಹುಮಟ್ಟಿಗೆ ಇಬ್ಬರ ಹಣವನ್ನೇ ತೆರಬೇಕು. ಅದೇ ಕೋಣೆಯಲ್ಲಿ ಮೂರನೆಯವರಾಗಿ ಮಲಗುವ ಮಗುವಿಗೆ ಸಾಮಾನ್ಯವಾಗಿ ಕಡಮೆ. ಈ ಮೊತ್ತದಲ್ಲಿ ಕೋಣೆ, ಮೂರು ಹೊತ್ತಿನ ಊಟ, ನೀರು, ಕಾಫಿ, ಈಜುಕೊಳ, ರಾತ್ರಿಯ ನಾಟಕ ಸಂಗೀತಗಳು ಸೇರಿರುತ್ತವೆ. ಸೇರದೆ ಇರುವುವು ನೌಕರರ ಇನಾಮು, ಮದ್ಯ ಮತ್ತು ಸೋಡಾಗಳು, ಇಂಟರ್‌ನೆಟ್ಟು, ದ್ವೀಪಗಳಲ್ಲಿ ಸುತ್ತಾಡಿಸುವ ಬಂಡಿ, ವಿಮೆ. ಇನಾಮೆಂದರೆ ಇಷ್ಟಬಂದಷ್ಟು ಕೊಡುವುದೆಂದು ನಾವು ತಿಳಿದಿದ್ದೆವು. ಹಾಗಲ್ಲ, ತಲೆಗೆ ದಿನಕ್ಕೆ ಇಷ್ಟೆಂದು ಅವರೇ ಲೆಕ್ಕಕ್ಕೆ ಸೇರಿಸುತ್ತಾರೆ. ನಮ್ಮ ಹಾಳೆಯಲ್ಲಿ ಅದು 18 ಡಾಲರು. ಐವರಿಗೆ ಏಳು ದಿನಕ್ಕೆ 630 ಡಾಲರು! ಆದಕಾರಣ ಮೂರು ಹಾಳೆಗಳ ಹಿಂದುಗಡೆಯಲ್ಲಿಯೂ ನಾವು ಎಲ್ಲ ಬಾಬುಗಳನ್ನೂ ಬರೆದು, ರೇವಿನವರೆಗೆ ಹೋಗುವ ಖರ್ಚನ್ನೂ ಕೂಡಿಸಿ, ಬಂದ ಮೊತ್ತವನ್ನು ರಾತ್ರಿಗಳಿಂದ ಭಾಗಿಸಿದೆವು. ದಪ್ಪಕ್ಷರದಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಕಂಡ ಮಯಾಮಿಯ ಹಾಳೆ, ಐವರ ವಿಮಾನದ ಹಣ ಸೇರಿದೊಡನೆ ನಡುವಿನ ಸ್ಥಾನಕ್ಕೆ ಬಂದಿತು. ಸಾನ್ ವಾನಿನ ಹಾಳೆ ಎಲ್ಲಕ್ಕಿಂತ ದುಬಾರಿಯಾಯಿತು. ಮಗಳ ಮನೆಯಿಂದ ಕಾರಿನಲ್ಲಿಯೇ ಹೋಗಬಹುದಾದ ಗ್ಯಾಲ್ವೆಸ್ಟನ್ ಕೆಳಗಿಳಿಯಿತು.

ಆಮೇಲೆ ಇನ್ನೊಂದು ಭಾಗಾಕಾರವನ್ನೂ ಮಾಡಿದೆವು. ಹಡಗು ಒಂದೊಂದು ರೇವಿನಲ್ಲಿ ನಿಲ್ಲುವುದು ಸುಮಾರು ಎಂಟು ಗಂಟೆಗಳ ಕಾಲ. ಮೂರು ರೇವುಗಳಾದರೆ ಏಳು ದಿನಗಳಲ್ಲಿ ನೆಲದ ಮೇಲಿರುವುದು 24 ಗಂಟೆ, ಉಳಿದುದೆಲ್ಲ ನೀರು. ಐದು ರೇವುಗಳಾದರೆ 40 ಗಂಟೆ. ದೇಶ ನೋಡಬೇಕೆನ್ನುವವರು ಇದನ್ನು ಮೊದಲು ನೋಡಬೇಕು. ಹಡಗು ನಿಲ್ಲುವ ಬಗೆಯನ್ನೂ ವಿಚಾರಿಸಬೇಕು. ಕೆಲವು ಕಡೆ ಅದು ಧಕ್ಕೆಗೆ ತಾಗಿ ನಿಲ್ಲುತ್ತದೆ, ಇಳಿದು ನಡೆದರೆ ಆಯಿತು. ಗ್ರ್ಯಾಂಡ್ ಕೇಮನ್, ಬೆಲೀಜ್ ಮುಂತಾದೆಡೆ ದೂರದಲ್ಲಿ ಲಂಗರು ಹಾಕಿ, ಅಲೆಯಲ್ಲಿ ಏರಿಳಿಯುವ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ಮಂಡಿನೋವಿನವರಿಗೆ ಇದು ಸಣ್ಣ ಮಾತಲ್ಲ.

ಹಡಗು ಎಂದರೆ ನಾವು ಕಲ್ಪಿಸುವ ಹಡಗಲ್ಲ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನಕ್ಕೆ ಹೊರಟ 'ಐಕನ್ ಆಫ್ ದಿ ಸೀಸ್' ಎಂಬುದಕ್ಕೆ 20 ಅಂತಸ್ತು. ಉದ್ದ 365 ಮೀಟರು. ಎಲ್ಲ ಹಾಸಿಗೆಗಳೂ ತುಂಬಿದರೆ 7,600 ಪ್ರಯಾಣಿಕರು. ನಮ್ಮ ಮೊಮ್ಮಗನಿಗೆ ಅದರ ನೀರಿನ ಜಾರುಬಂಡೆಗಳ ಚಿತ್ರವನ್ನು ನೋಡಿದಾಗಿನಿಂದ ನಿದ್ರೆಯಿಲ್ಲ. ಅಷ್ಟು ದೊಡ್ಡದರಲ್ಲಿ ಊಟದ ಮನೆಯಿಂದ ಕೋಣೆಗೆ ನಡೆಯುವುದೇ ಒಂದು ಯಾತ್ರೆಯಾಗಬಹುದು. ದೊಡ್ಡ ಹಡಗಿನಲ್ಲಿ ಓಲಾಟ ಕಡಮೆ ಎಂಬುದೂ ನಿಜ. ಓಲಾಟಕ್ಕೆ ಹೆದರುವವರು ಹಡಗಿನ ನಡುಭಾಗದಲ್ಲಿ ಕೆಳಗಿನ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯಬೇಕು. ಲಿಫ್ಟಿಗೂ ಸಮೀಪವಾಗಿದ್ದರೆ ಲೇಸು. ಹತ್ತಿದ ದಿನವೇ ಅಪಾಯಕಾಲದಲ್ಲಿ ಎಲ್ಲಿ ಸೇರಬೇಕೆಂಬ ಅಭ್ಯಾಸವನ್ನು ಎಲ್ಲರೂ ಮಾಡಲೇಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ 1914ರಲ್ಲಿ ಹಲವು ದೇಶಗಳು ಕೂಡಿ ಮಾಡಿದ ಒಡಂಬಡಿಕೆಯಿಂದ ಮೊದಲಾದ ಕಟ್ಟುಪಾಡುಗಳು ಇವು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟ ಕಾಂಕಾರ್ಡಿಯ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಹೊಸದಾಗಿ ಹತ್ತಿದ ಅನೇಕರಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ.

ಊಟದ ಚಿಂತೆ ನಮ್ಮ ಮನೆಯವರಿಗಿಂತ ನಮಗೇ ಹೆಚ್ಚಾಗಿತ್ತು. ಅನೇಕ ಹಡಗುಗಳಲ್ಲಿ ರಾತ್ರಿಯ ಊಟಕ್ಕೆ ಭಾರತದ ಶಾಕಾಹಾರವನ್ನು ಮಾಡಿಕೊಡುತ್ತಾರಂತೆ. ಆದರೆ ಸ್ಥಳ ಕಾದಿರಿಸುವಾಗಲೇ ಬರೆಸಿ, ಹತ್ತಿದ ದಿನ ಬಡಿಸುವವರ ಮೇಲಧಿಕಾರಿಗೆ ಮತ್ತೊಮ್ಮೆ ಹೇಳಬೇಕು. ಮನೆಯಲ್ಲಿ ಮಾಡಿದ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಮುದ್ರೆ ಒಡೆಯದೆ ಕೊಂಡದ್ದಾದರೆ ಸಾಮಾನ್ಯವಾಗಿ ಆಗಬಹುದು. ಹಡಗಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವ ವಾಂತಿಭೇದಿಯ ಜಾಡ್ಯವೊಂದಿದೆ. ಅದಕ್ಕೆ ಕೈಗೆ ಸವರಿಕೊಳ್ಳುವ ದ್ರವ ಸಾಲದು, ಸಾಬೂನು ನೀರುಗಳಿಂದಲೇ ತೊಳೆಯಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ತಾಯಿಯವರು ಇದ್ದಿದ್ದರೆ, "ಇದನ್ನ ಹೇಳೋಕೆ ಡಾಕ್ಟರು ಬೇಕಾಯ್ತೇ?" ಎನ್ನುತ್ತಿದ್ದರು. ಅಮೆರಿಕಾ ಸರ್ಕಾರದವರು ಹಡಗುಗಳ ಶುಚಿತ್ವವನ್ನು ಪರೀಕ್ಷಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. 86ಕ್ಕೆ ಕಡಮೆಯಾದರೆ ಅನುತ್ತೀರ್ಣ. ಈ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಶಾಲೆಯಲ್ಲಿ ಹಿಂದೆ ಇದ್ದ ಮೂವತ್ತೈದಕ್ಕೆ ಹೋಲಿಸಿದರೆ ಕಠಿಣವೇ ಸರಿ.

ವೀಸಾದ ವಿಷಯದಲ್ಲಿ ಒಂದು ಎಚ್ಚರಿಕೆ. ಹಡಗು ದ್ವೀಪಗಳಿಗೆ ಹೋಗಿ ಹಿಂದಿರುಗಿದಾಗ ನಾವು ಅಮೆರಿಕಾವನ್ನು ಎರಡನೆಯ ಬಾರಿ ಪ್ರವೇಶಿಸಿದಂತೆ. ಆದುದರಿಂದ ಅನೇಕ ಬಾರಿ ಪ್ರವೇಶಕ್ಕೆ ಸಲ್ಲುವ ವೀಸಾ ಇರಬೇಕು. ದ್ವೀಪಗಳಿಗೂ ಒಡೆಯರು ಬೇರೆಬೇರೆ. ಮಾರ್ಟಿನೀಕ್ ಫ್ರಾನ್ಸಿನದು, ಕೇಮನ್ ಬ್ರಿಟನ್ನಿನದು, ಬಾರ್ಬಡೋಸ್ 2021ರಿಂದ ಗಣರಾಜ್ಯ. ಅಮೆರಿಕಾದ ವೀಸಾ ಇರುವವರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಉಳಿದುದನ್ನು ಹಣ ಕಟ್ಟುವ ಮೊದಲು ಹಡಗಿನ ಕಂಪೆನಿಯಿಂದ ಬರಹದಲ್ಲಿಯೇ ಪಡೆದುಕೊಳ್ಳತಕ್ಕದ್ದು. ಅಮೆರಿಕಾದ ಪ್ರಜೆಗಳಿಗೆ ಏನೂ ಬೇಡವೆಂಬ ಮಾತನ್ನು ಮಕ್ಕಳು ಕೇಳಿ ನಮಗೂ ಬೇಡವೆಂದುಕೊಳ್ಳುವುದುಂಟು.

ಕಾಲವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಋತು. ಆಗಸ್ಟಿನ ನಡುವಿನಿಂದ ಅಕ್ಟೋಬರಿನವರೆಗೆ ಉಗ್ರ. ಆಗ ಬೆಲೆ ಇಳಿದಿರುತ್ತದೆ. ಹಡಗು ಗಾಳಿಯನ್ನು ತಪ್ಪಿಸಿಕೊಂಡು ಬೇರೆ ದಾರಿ ಹಿಡಿದರೆ, ತಪ್ಪಿದ ದ್ವೀಪಕ್ಕಾಗಿ ಯಾನದ ಹಣ ಹಿಂದಕ್ಕೆ ಬಾರದು.

ನಮ್ಮ ಮಿತ್ರರೊಬ್ಬರು, ಹಿಂದೆ ನಮ್ಮೊಡನೆ ಉಪಾಧ್ಯಾಯರಾಗಿದ್ದವರು, ನಗರದ ಒಬ್ಬ ಪ್ರಯಾಣದ ಏಜೆಂಟನ ಮಾತನ್ನು ನಂಬಿ, ಒಂದು ರಾತ್ರಿಯ ಹೋಟೆಲಿನ ಬಾಡಿಗೆಯನ್ನು ಉಳಿಸಲೆಂದು ಹಡಗು ಹೊರಡುವ ದಿನವೇ ಮಯಾಮಿಗೆ ಮುಟ್ಟುವ ವಿಮಾನವನ್ನು ಹಿಡಿದರು. ನಡುವೆ ವಿಮಾನ ಬದಲಿಸುವಲ್ಲಿ ಐದು ಗಂಟೆ ತಡವಾಯಿತು. ದಂಪತಿಗಳು ರೇವಿಗೆ ಬಂದಾಗ ಹಡಗು ಇರಲಿಲ್ಲ. ವಿಮೆಯೂ ಮಾಡಿಸಿರಲಿಲ್ಲವಾದುದರಿಂದ ಒಂದು ಕಾಸೂ ಮರಳಲಿಲ್ಲ. ಅವರು ಈಗಲೂ ಆ ಮಾತನ್ನು ನಗುತ್ತ ಹೇಳುತ್ತಾರೆ. ಅವರ ಮನೆಯವರು ನಗುವುದಿಲ್ಲ. ಒಂದು ದಿನ ಮುಂಚೆಯೇ ರೇವಿನ ಊರಿನಲ್ಲಿರಬೇಕು. ದ್ವೀಪದಲ್ಲಿ ಇಳಿದಾಗಲೂ ಹಾಗೆಯೇ: ಕಂಪೆನಿಯವರು ಏರ್ಪಡಿಸಿದ ಸುತ್ತಾಟದವರು ತಡವಾದರೆ ಹಡಗು ಕಾಯುವುದು, ತಾವೇ ಬಂಡಿ ಗೊತ್ತುಮಾಡಿಕೊಂಡು ಹೋದವರಿಗೆ ಕಾಯದು.

ವಿಮೆಯ ವಿಷಯದಲ್ಲಿ ನಮ್ಮ ಮನೆಯವರ ಸಕ್ಕರೆ ಕಾಯಿಲೆಯನ್ನೂ ಮಂಡಿಯನ್ನೂ ಮರೆಮಾಚದೆ ಬರೆದುಕೊಟ್ಟೆವು. ಕಂತು ಹೆಚ್ಚಾಯಿತು. ಹಡಗಿನಲ್ಲಿ ವೈದ್ಯರಿರುತ್ತಾರಾದರೂ ಶುಲ್ಕ ಬೇರೆ. ರೋಗಿಯನ್ನು ದಡಕ್ಕೆ ಸಾಗಿಸಬೇಕಾಗಿ ಬಂದರೆ ಆ ಖರ್ಚಿಗೆ ನಮ್ಮ ಮಾಳಿಗೆಯ ಹಣವಲ್ಲ, ಮನೆಯೇ ಸಾಲದು. ಪೆಟ್ಟಿಗೆಗಳನ್ನು ರೇವಿನಲ್ಲಿ ತೆಗೆದುಕೊಂಡು ಸಂಜೆಗೆ ಕೋಣೆಗೆ ತಲುಪಿಸುವುದರಿಂದ ಔಷಧಗಳು ಕೈಚೀಲದಲ್ಲಿಯೇ ಇರತಕ್ಕದ್ದು.

ಇಷ್ಟೆಲ್ಲ ಲೆಕ್ಕವಾದ ಮೇಲೂ ನಾವು ಮೂರನೆಯ ಹಾಳೆಯನ್ನು ಕೈಬಿಟ್ಟಿರಲಿಲ್ಲ. ಒಂದು ರಾತ್ರಿ ನಮ್ಮ ಮನೆಯವರು ಕನ್ನಡಕವನ್ನು ತೆಗೆದಿಟ್ಟು ಹೇಳಿದರು: "ನಿಮಗೆ ಕ್ರಿಕೆಟ್ಟಿನ ಊರು ಬೇಕು. ಮಗೂಗೆ ಜಾರುಬಂಡೆ ಬೇಕು. ನಾನು ದಿನಾ ಒಂದೊಂದು ಊರಲ್ಲಿ ಇಳಿದು ಹತ್ತೋಕೆ ಆಗುತ್ತೇನ್ರೀ? ನನಗೆ ನೋಡಿ, ಐದು ಜನಾನೂ ಏಳು ದಿನ ಒಂದೇ ಮೇಜಿಗೆ ಕೂತು ಊಟ ಮಾಡಿದರೆ ಸಾಕು. ಮನೇಲಿದ್ದರೆ ಅವಳು ಕೆಲಸಕ್ಕೆ ಓಡ್ತಾಳೆ, ಅವರು ಓಡ್ತಾರೆ, ಹಡಗಲ್ಲಿ ಎಲ್ಲಿಗೆ ಓಡ್ತಾರೆ?"

ಅಂಕ ಕೊಡುವುದಕ್ಕೆ ಮುಂಚೆ ಪ್ರಶ್ನೆಯೇ ಯಾವುದೆಂದು ನಾವು ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಮಗಳಿಗೆ ಗ್ಯಾಲ್ವೆಸ್ಟನ್ ಎಂದು ಬರೆದೆವು. ಮೂರು ರೇವುಗಳಲ್ಲಿಯೂ ಧಕ್ಕೆಯಿದೆ. ನೀರಿನ ಮೇಲಿನ ದಿನಗಳು ಹೆಚ್ಚು. ಜಾರುಬಂಡೆ ಚಿಕ್ಕದಾದರೂ ಉಂಟು. ಮುಂಗಡವನ್ನು ಕಟ್ಟಿಯಾಯಿತು. ಪೂರ್ತಿ ಹಣವನ್ನು ಹೊರಡುವುದಕ್ಕೆ 90 ದಿನ ಮುಂಚೆ ಸಲ್ಲಿಸಬೇಕು. ಆ ದಿನದ ಮೇಲೆ ಬೇಡವೆಂದರೆ ದಂಡ ಏರುತ್ತ ಹೋಗುವುದರಿಂದ, ಅದಕ್ಕೆ ಒಂದು ವಾರ ಮುಂಚಿತವಾಗಿ ಮಂಡಿಯ ವೈದ್ಯರನ್ನು ಕಾಣಲು ದಿನ ಗೊತ್ತುಮಾಡಿಸಿಕೊಂಡಿದ್ದೇವೆ. ನಮ್ಮ ಮನೆಯವರು ಈಗ ಪ್ರತಿ ಸಂಜೆ ವಿಜಯನಗರದ ಮೆಟ್ರೋ ನಿಲ್ದಾಣದವರೆಗೆ ನಡೆದು, ಅಲ್ಲಿನ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿ ಇಳಿದು ಬರುತ್ತಾರೆ. ಚಟ್ನಿಪುಡಿಯನ್ನು ಹಡಗಿಗೆ ಬಿಡುವುದಿಲ್ಲವೆಂದು ಎರಡು ಬಾರಿ ಓದಿ ಹೇಳಿದೆವು. "ಹಡಗಿಗಲ್ಲ, ಅವಳ ಮನೆಗೆ" ಎಂದು ಕಡಲೆಬೇಳೆ ಹುರಿಯುತ್ತಿದ್ದಾರೆ.