ಓಟಿನ ದಿನ ನೀರು ಬಿಡಬೇಡಿ

ಮತದಾನ ಮುಗಿದ ಮೇಲೆ ಎರಡು ಮೂರು ದಿನ ನನ್ನ ದವಾಖಾನೆಗೆ ಹೆಚ್ಚುಕಡಿಮೆ ಒಂದೇ ಬಗೆಯ ದೂರು ಬರುತ್ತದೆ. "ಹಕೀಮ್ ಸಾಬ್, ಮೂತ್ರಕ್ಕೆ ಹೋದ್ರ ಉರೀತದ್ರಿ." "ತಲಿ ತಿರಗ್ತದ, ಕೈಕಾಲಾಗ ಶಕ್ತಿನೇ ಇಲ್ಲ." ಬರುವವರಲ್ಲಿ ಹೆಂಗಸರೇ ಹೆಚ್ಚು. ಓಟು ಹಾಕಲು ಹೋದ ದಿನ ಎಷ್ಟು ನೀರು ಕುಡಿದಿರಿ ಎಂದು ಕೇಳುತ್ತೇನೆ. ಉತ್ತರವೂ ಒಂದೇ: ಕುಡಿದಿಲ್ಲ. ಯಾಕೆ? "ಕುಡದ್ರ ಹೋಗಬೇಕಾಗ್ತದಲ್ರೀ. ಅಲ್ಲಿ ಎಲ್ಲಿ ಹೋಗಬೇಕು?"

ಈ ಪ್ರಶ್ನೆಗೆ ನನ್ನ ಕಪಾಟಿನ ಯಾವ ಶರಬತ್ತಿನಲ್ಲೂ ಔಷಧಿ ಇಲ್ಲ. ಆದ್ದರಿಂದ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರದವರಿಗೆ ಚುನಾವಣೆ ಎಂದರೆ ಬೇಸಿಗೆ. ವಿಧಾನಸಭೆಗೆ 2013ರಲ್ಲಿ ಮೇ 5ರಂದು ಓಟು ಹಾಕಿದೆವು, 2018ರಲ್ಲಿ ಮೇ 12ರಂದು, 2023ರಲ್ಲಿ ಮೇ 10ರಂದು. ಕಳೆದ ಲೋಕಸಭೆಗೆ 2024ರ ಮೇ 7. ಮೇ ತಿಂಗಳೆಂದರೆ ಇಲ್ಲಿ ಪಾರಾ 40 ಡಿಗ್ರಿ ದಾಟುವ ಕಾಲ. ಹತ್ತು ಗಂಟೆಯ ಹೊತ್ತಿಗೇ ಶಾಲೆಯ ಅಂಗಳದ ಫರಸಿಕಲ್ಲು ಚಪ್ಪಲಿಯೊಳಗಿಂದ ಸುಡುತ್ತದೆ. 2024ರಲ್ಲಿ ಸುರಪುರದವರಿಗೆ ಕೆಲಸ ಇಮ್ಮಡಿಯಾಗಿತ್ತು. ಶಾಸಕ ರಾಜಾ ವೆಂಕಟಪ್ಪ ನಾಯಕ ಅವರು ತೀರಿಕೊಂಡಿದ್ದರಿಂದ, ರಾಯಚೂರು ಲೋಕಸಭಾ ಕ್ಷೇತ್ರದ ಮತದ ಜೊತೆಗೆ ವಿಧಾನಸಭೆಯ ಉಪಚುನಾವಣೆಯ ಮತವೂ ಅದೇ ದಿನ ಇತ್ತು. ಒಬ್ಬೊಬ್ಬರೂ ಎರಡೆರಡು ಸಲ ಗುಂಡಿ ಒತ್ತಬೇಕು. ಸರದಿ ಸಾಗುವುದು ಅಷ್ಟು ನಿಧಾನ.

ಆ ದಿನ ಸುರಪುರದ ಕಡೆಯ ಒಬ್ಬ ಖಾಲಾ, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಮುಂಜಾನೆ ಗುಳಿಗೆ ನುಂಗಿ ಬರೀ ಒಂದು ಕಪ್ ಚಹಾ ಕುಡಿದು ಹೊರಟರಂತೆ. ಓಟು ಹಾಕಿ ಬಂದು ನಾಷ್ಟಾ ಮಾಡಿದರಾಯಿತು ಎಂಬ ಲೆಕ್ಕ. ನೀರಂತೂ ಮುಟ್ಟಿರಲಿಲ್ಲ. ಸರದಿಯಲ್ಲಿ ನಿಂತಲ್ಲೇ ಮೈ ಬೆವೆತು, ಕೈ ನಡುಗಿ, ಮಾತು ತೊದಲಿತು. ಬಿಸಿಲು ಬಡಿಯಿತೆಂದು ಎಲ್ಲರೂ ಗಾಳಿ ಬೀಸತೊಡಗಿದರು. ಜೊತೆಗಿದ್ದ ಸೊಸೆ ಜಾಣೆ, ಚೀಲದಲ್ಲಿದ್ದ ಬೆಲ್ಲದ ತುಣುಕು ಬಾಯಿಗಿಟ್ಟಳು. ಸ್ವಲ್ಪ ಹೊತ್ತಿಗೆ ಖಾಲಾ ಚೇತರಿಸಿಕೊಂಡರು. ಅದು ಸಕ್ಕರೆ ಇಳಿದ ಲಕ್ಷಣ, ಬರೀ ಬಿಸಿಲಲ್ಲ. ನಾಲ್ಕು ದಿನದ ನಂತರ ಅವರು ನನ್ನ ಬಳಿಗೆ ಬಂದದ್ದು ಉರಿಮೂತ್ರ ಮತ್ತು ಚಳಿಜ್ವರಕ್ಕೆ. ಪರೀಕ್ಷೆ ಮಾಡಿಸಿ, ಸೋಂಕು ಖಚಿತವಾದ ಮೇಲೆ ದೊಡ್ಡಾಸ್ಪತ್ರೆಗೆ ಕಳಿಸಿದೆ. ಆ ಮತಗಟ್ಟೆಯಲ್ಲಿ ಶೌಚಾಲಯ ಇರಲಿಲ್ಲವೇ ಎಂದು ಕೇಳಿದೆ. "ಇತ್ತು, ಕೀಲಿ ಹಾಕಿತ್ತು" ಎಂದರು.

ಹೆಂಗಸರ ಮೂತ್ರನಾಳ ಚಿಕ್ಕದು. ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತ ಮೂತ್ರದಲ್ಲಿ ರೋಗಾಣು ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ. ನೀರು ಕುಡಿಯದಿದ್ದರೆ ಅದನ್ನು ತೊಳೆದುಹಾಕುವ ಧಾರೆಯೂ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಉರಿಯ ಜೊತೆ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ ಕಂಡರೆ ಸೋಂಕು ಮೂತ್ರಪಿಂಡದವರೆಗೆ ಏರಿರಬಹುದು. ಆಗ ಶರಬತೆ ಬಝೂರಿ ಕುಡಿಯುತ್ತ ಮನೆಯಲ್ಲಿ ಕೂರಬೇಡಿ. ಯೂನಾನಿ ವೈದ್ಯನಾದ ನಾನೇ ಹೇಳುತ್ತಿದ್ದೇನೆ.

ಹಾಗಾದರೆ ಮಾಡಬೇಕಾದದ್ದೇನು? ಹಿಂದಿನ ರಾತ್ರಿಯಿಂದಲೇ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತ ಬನ್ನಿ. ಬೆಂಗಳೂರು, ಮುಂಬೈ ಕಡೆ ದುಡಿಯಲು ಹೋದ ಮಕ್ಕಳು ಓಟಿಗೆಂದು ರಾತ್ರಿ ಬಸ್ಸಿನಲ್ಲಿ ಊರಿಗೆ ಬರುತ್ತಾರೆ. ದಾರಿಯಲ್ಲಿ ನೀರು ಕುಡಿಯದ ಅವರಿಗೂ ಈ ಮಾತು ಅನ್ವಯ. ಮುಂಜಾನೆ ರೊಟ್ಟಿಯೋ ಅಂಬಲಿಯೋ ಹೊಟ್ಟೆಗೆ ಬೀಳಲಿ. ಉಪ್ಪು ಹಾಕಿದ ಮಜ್ಜಿಗೆ ಎಲ್ಲಕ್ಕಿಂತ ಒಳ್ಳೆಯದು. ಬಿಪಿ ಇದ್ದವರು ಉಪ್ಪು ಬಿಟ್ಟು ಕುಡಿಯಿರಿ. ನಮ್ಮ ತಿಬ್ಬಿನಲ್ಲಿ ಬೇಸಿಗೆಗೆ ಹೇಳುವ ಹುಣಸೆಹಣ್ಣಿನ ಪಾನಕ, ನೆನೆಸಿದ ಕಾಮಕಸ್ತೂರಿ ಬೀಜ ಕೂಡ ತಂಪು. ದಾರಿಯಲ್ಲಿ ಕೈಗಿಡುವ ಕೆಂಪು ಶರಬತ್ತಿನಲ್ಲಿ ಮಾತ್ರ ಸಕ್ಕರೆ ವಿಪರೀತ, ಸಕ್ಕರೆ ಕಾಯಿಲೆಯವರು ಅದನ್ನು ಬಾಯಾರಿಕೆಗೆಂದು ಕುಡಿಯಬಾರದು. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ಆ ದಿನ ಅದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಮೊದಲೇ ನಿಮ್ಮ ಡಾಕ್ಟರರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಬುರ್ಖಾದ ವಿಷಯ. ಬಿಸಿಲನ್ನು ಹೀರುವುದು ಕಪ್ಪು ಬಣ್ಣ, ಆದರೆ ಬೆವರನ್ನು ಒಳಗೇ ಹಿಡಿದಿಡುವುದು ನೈಲಾನ್, ಪಾಲಿಯೆಸ್ಟರ್ ಬಟ್ಟೆ. ಸಡಿಲವಾದ ತೆಳು ಹತ್ತಿಯದು ಇದ್ದರೆ ಆ ದಿನ ಅದನ್ನೇ ತೊಡಿ. ಒಳಗೂ ಹತ್ತಿ ಬಟ್ಟೆಯೇ ಇರಲಿ. ಮುಖ ತೋರಿಸಬೇಕಾಗುತ್ತದೆ ಎಂಬ ಅಳುಕಿನಿಂದ ಕೆಲವರು ಜನ ಕಡಿಮೆಯಾಗಲಿ ಎಂದು ಉರಿಬಿಸಿಲಿನ ಮಧ್ಯಾಹ್ನಕ್ಕೆ ಹೋಗುತ್ತಾರೆ. ಅದರ ಅಗತ್ಯವಿಲ್ಲ. ಪರ್ದಾ ಪಾಲಿಸುವವರ ಗುರುತನ್ನು ಮಹಿಳಾ ಸಿಬ್ಬಂದಿ ಮರೆಯಲ್ಲಿ ನೋಡಬೇಕೆಂಬ ಏರ್ಪಾಡು ಇದೆ, ನೀವು ಕೇಳಬಹುದು. ಮತದಾನ ಬೆಳಿಗ್ಗೆ 7ಕ್ಕೆ ಶುರುವಾಗುತ್ತದೆ, ಫಜ್ರ್ ಮುಗಿಸಿ ನೇರ ಹೊರಟರೆ ಬಿಸಿಲೇರುವ ಮೊದಲೇ ಮನೆಗೆ ಬರುತ್ತೀರಿ. ಆಗದಿದ್ದರೆ ಅಸರ್ ನಂತರ ಹೋಗಿ. ಸಂಜೆ 6ಕ್ಕೆ ಮುಗಿಯುವುದೆಂದಿದ್ದರೆ, ಆ ಹೊತ್ತಿಗೆ ಸರದಿಯಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ಓಟು ಹಾಕಿಸುತ್ತಾರೆ.

ಕುಡಿಯುವ ನೀರು, ನೆರಳು, ಶೌಚಾಲಯ, ಇಳಿಜಾರು ದಾರಿ — ಇವು ಪ್ರತಿ ಮತಗಟ್ಟೆಯಲ್ಲೂ ಇರಲೇಬೇಕೆಂದು ಚುನಾವಣಾ ಆಯೋಗವೇ ಹೇಳಿದ ಕನಿಷ್ಠ ಸೌಲಭ್ಯಗಳು. ಶೌಚಾಲಯಕ್ಕೆ ಕೀಲಿ ಇದ್ದರೆ ಒಳಗಿರುವ ಅಧಿಕಾರಿಗೆ ಹೇಳಿ ತೆಗೆಸಿ. ಹೆಂಗಸರು ಇದನ್ನು ಕೇಳಲು ನಾಚುತ್ತಾರೆ. ಮನೆಯ ಗಂಡಸರು ಹಿಂದಿನ ದಿನವೇ ಹೋಗಿ ನೋಡಿ ಬಂದರೆ ಒಳ್ಳೆಯದು. ಓಣಿಯ ನಾಲ್ಕು ಹುಡುಗರು ಪಕ್ಷದ ಚೀಟಿ ಹಂಚುವ ಉತ್ಸಾಹದಲ್ಲಿ ಅರ್ಧವನ್ನು ಇದಕ್ಕೆ ಕೊಡಬಾರದೇ? ಇನ್ನು ಕೂಸನ್ನು ಎತ್ತಿಕೊಂಡ ತಾಯಂದಿರು, ಅಶಕ್ತರು ಸರದಿ ಬಿಟ್ಟು ಮುಂದೆ ಹೋಗಬಹುದು. ಯಾರಾದರೂ ಗೊಣಗಿದರೆ ಗೊಣಗಲಿ.

85 ದಾಟಿದ ದಾದಾ, ದಾದಿಯರಿದ್ದರೆ, ಅಥವಾ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿದ್ದರೆ, ಅವರನ್ನು ಕುರ್ಚಿಯಲ್ಲಿ ಹೊತ್ತು ತರಬೇಕಾಗಿಲ್ಲ. 2024ರ ಚುನಾವಣೆಯಲ್ಲಿ ಇಂಥವರು 12ಡಿ ನಮೂನೆ ತುಂಬಿ ಮನೆಯಲ್ಲೇ ಮತಪತ್ರದ ಮೇಲೆ ಓಟು ಹಾಕಿದರು. ಅಧಿಸೂಚನೆ ಹೊರಟ ಐದು ದಿನದೊಳಗೆ ಅರ್ಜಿ ಹೋಗಬೇಕು, ಆದ್ದರಿಂದ ಚುನಾವಣೆ ಘೋಷಣೆಯಾದ ಕೂಡಲೇ ಬಿಎಲ್ಒ ಅವರನ್ನು ಕಂಡು ವಿಚಾರಿಸಿ.

ಬಿಸಿಲಲ್ಲಿ ಯಾರಾದರೂ ಕುಸಿದರೆ ಒಂದು ಮಾತು ನೆನಪಿರಲಿ. ಪ್ರಜ್ಞೆ ಇದ್ದು ಸುಸ್ತಾಗಿದ್ದರೆ ನೆರಳಿಗೆ ಕರೆತಂದು ಓಆರ್‌ಎಸ್ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಾತು ತಪ್ಪುತ್ತಿದ್ದರೆ, ಮೈ ಕಾದ ಹೆಂಚಿನಂತಿದ್ದರೆ ಅದು ನಮ್ಮ ಗ್ರಂಥಗಳ ಝರ್ಬತುಶ್ಶಮ್ಸ್, ಜೀವ ತೆಗೆಯುವಂಥದ್ದು. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಹನಿ ನೀರನ್ನೂ ಹಾಕಬೇಡಿ. ಮೇಲುಹೊದಿಕೆ ಸಡಿಲಿಸಬೇಕಾಗುತ್ತದೆ, ಸುತ್ತ ನಾಲ್ಕು ಹೆಂಗಸರು ದುಪಟ್ಟಾ ಹಿಡಿದು ಮರೆ ಮಾಡಿದರಾಯಿತು.

ಕೊನೆಗೆ ಬೆರಳಿನ ಶಾಯಿ. ವುಝೂ ಆಗುವುದಿಲ್ಲವೆಂಬ ಹೆದರಿಕೆಯಿಂದ ಬ್ಲೀಚ್, ಸುಣ್ಣ, ಕಲ್ಲು ಹಾಕಿ ಉಜ್ಜಿ ಚರ್ಮ ಕಿತ್ತುಕೊಂಡು ಬಂದವರನ್ನು ನೋಡಿದ್ದೇನೆ. ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ ಬಿಸಿಲಿಗೆ ಕಪ್ಪಾಗುತ್ತದೆ. ಮೇಲಿನದನ್ನು ತೊಳೆದ ಮೇಲೆ ಉಳಿಯುವುದು ಮದರಂಗಿಯಂತೆ ಒಳಗಿಳಿದ ಬಣ್ಣ. ನೈಲ್ ಪಾಲಿಶ್‌ನಂತೆ ನೀರು ತಡೆಯುವ ಪೊರೆಯಲ್ಲ. ನನಗೆ ಗೊತ್ತಿರುವುದು ರಸಾಯನದ ಮಾತು. ಮಸಲೆಯನ್ನು ನಿಮ್ಮ ಮಸೀದಿಯ ಮೌಲಾನಾರನ್ನು ಕೇಳಿ. ಮನೆಗೆ ಬಂದು ಸಾಬೂನಿನಿಂದ ಕೈ ತೊಳೆದುಕೊಳ್ಳಿ, ಅಷ್ಟು ಸಾಕು. ಚರ್ಮದ ಕಲೆ ಕೆಲವು ದಿನಗಳಲ್ಲಿ ಮಾಸುತ್ತದೆ, ಉಗುರಿನದು ಉಗುರು ಬೆಳೆದಂತೆ ತಾನೇ ಮೇಲೆ ಸರಿದು ಕತ್ತರಿಗೆ ಸಿಗುತ್ತದೆ.