ಜಕಾರ್ಡ್ ಮಗ್ಗದಿಂದ ಜೆಟ್ ಎಂಜಿನ್ನಿಗೆ

ವೈ.ಎನ್.ಹೊಸಕೋಟೆಯ ರೇಷ್ಮೆ ಸೀರೆ ನೇಕಾರರಿಗೆ ಜಕಾರ್ಡ್ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂದು ತೀರ್ಮಾನಿಸುವುದು ಅದೇ. ಅದರಿಂದಲೇ ಬುಟ್ಟಾ, ಅದರಿಂದಲೇ ಸೆರಗಿನ ನವಿಲು. ಫ್ರಾನ್ಸಿನ ಕಾಮರ್ಸಿ ಎಂಬ ಸಣ್ಣ ಊರಿನಲ್ಲೂ ಜಕಾರ್ಡ್ ಮಗ್ಗಗಳಿವೆ. ಅಲ್ಲಿ ನೇಯುವುದು ರೇಷ್ಮೆಯನ್ನಲ್ಲ, ಕಾರ್ಬನ್ ನಾರನ್ನು. ಹಾಸು–ಹೊಕ್ಕಿನ ಜೊತೆಗೆ ದಪ್ಪದ ದಿಕ್ಕಿನಲ್ಲೂ ಎಳೆ ಹೆಣೆದ ಆ ಬಟ್ಟೆಯನ್ನು ಅಚ್ಚಿನಲ್ಲಿಟ್ಟು, ರಾಳ ತುಂಬಿ, ಬಿಸಿಯಲ್ಲಿ ಗಟ್ಟಿ ಮಾಡಿ, ಅಂಚಿಗೆ ಟೈಟಾನಿಯಂ ಹೊದಿಸಿದರೆ ಲೀಪ್ ಎಂಜಿನ್ನಿನ ಫ್ಯಾನ್ ಬ್ಲೇಡು ಸಿದ್ಧ. ಬೆಂಗಳೂರಿಗೆ ಬಂದಿಳಿಯುವ ಹಲವು ಎ320 ನಿಯೋ ವಿಮಾನಗಳು ಹಾರುವುದು ಈ ಎಂಜಿನ್ನಿನ ಬಲದಿಂದ.

ಇಂಥ ಎಂಜಿನ್ನುಗಳ ಕನಸು ಕಂಡು ವಿಮಾನದ ಓದು ಮುಗಿಸಿದ ಮಕ್ಕಳನ್ನು ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ: ಫಾರಿನ್ನಿಗೆ ಯಾವಾಗ? ಆ ಪ್ರಶ್ನೆಯ ಹಿಂದೆ ಮಳೆ ಕೈಕೊಟ್ಟ ಶೇಂಗಾ ಹೊಲವಿದೆ, ಬ್ಯಾಂಕಿನ ಸಾಲವಿದೆ. ಆದ್ದರಿಂದಲೇ ಉತ್ತರ ಸ್ಪಷ್ಟವಾಗಿರಬೇಕು.

ಮೊದಲ ಎಡವಟ್ಟು ಕಾಲೇಜು ಸೇರುವ ದಿನವೇ ಆಗುತ್ತದೆ. ಏರೋನಾಟಿಕಲ್ ಬಿ.ಇ. ಬೇರೆ, ವಿಮಾನ ನಿರ್ವಹಣೆಯ ಎ.ಎಂ.ಇ. ಪರವಾನಗಿ ಬೇರೆ. ಬಿ.ಇ. ಓದಿದವರು ವಿನ್ಯಾಸ, ಲೆಕ್ಕಾಚಾರ, ಪರೀಕ್ಷೆಯ ಕೆಲಸಕ್ಕೆ. ದುರಸ್ತಿಯಾದ ವಿಮಾನ ಹಾರಬಹುದು ಎಂದು ಸಹಿ ಹಾಕುವ ಅಧಿಕಾರ ಪರವಾನಗಿ ಇದ್ದವರಿಗೆ ಮಾತ್ರ. ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಟ್ಟ ಪರವಾನಗಿಯನ್ನು ಯುರೋಪಿನಲ್ಲಿ ಹಾಗೇ ಒಪ್ಪುವುದಿಲ್ಲ. ಅಲ್ಲಿನ ವಿಮಾನ ಸುರಕ್ಷತಾ ಸಂಸ್ಥೆಯಾದ ಇಎಎಸ್‌ಎ ಪರೀಕ್ಷೆಗಳನ್ನು ಒಂದೊಂದಾಗಿ ಬರೆಯಬೇಕು. ಪಾಸಾಗಲು ಶೇ 75 ಅಂಕ ಬೇಕು, ಮೇಲೆ ವರ್ಷಗಟ್ಟಲೆ ನಿಜವಾದ ವಿಮಾನದ ಮೇಲೆ ಕೈಕೆಲಸ ಮಾಡಿದ ದಾಖಲೆ ಬೇಕು. ಇದನ್ನು ತಿಳಿಸದೆ ಫೀಸು ಕಟ್ಟಿಸಿಕೊಳ್ಳುವುದು ಅನ್ಯಾಯ.

ಅಮೆರಿಕದ ಬಾಗಿಲಿಗೆ ಇನ್ನೊಂದು ಅಗುಳಿ. ರಕ್ಷಣಾ ತಂತ್ರಜ್ಞಾನವನ್ನು ಕಾಯುವ ಐಟಾರ್ ನಿಯಮದಿಂದಾಗಿ ಅಲ್ಲಿನ ಎಷ್ಟೋ ಕಂಪನಿಗಳು ಪೌರರು, ಗ್ರೀನ್ ಕಾರ್ಡ್ ಇರುವಂಥವರನ್ನೇ ಕೇಳುತ್ತವೆ. ಅಲ್ಲೇ ಎಂ.ಎಸ್. ಮಾಡಿ, ಮೂರು ವರ್ಷದವರೆಗೆ ಕೆಲಸದ ಅನುಮತಿ ಪಡೆದವರಿಗೂ ಈ ತಡೆ ಎದುರಾಗುತ್ತದೆ. ಹುಡುಗ ದಡ್ಡ ಎಂದಲ್ಲ, ಕಾನೂನು ಹಾಗಿದೆ. ಮನೆಯವರು ಇದನ್ನು ತಿಳಿದುಕೊಂಡರೆ ಆ ಮಗುವಿನ ಎದೆಭಾರ ಅರ್ಧ ಇಳಿದೀತು. ಜರ್ಮನಿ 2024ರ ಜೂನ್‌ನಿಂದ ಕೆಲಸ ಹುಡುಕಲೆಂದೇ ಒಂದು ವರ್ಷದ ಅವಕಾಶ ಪತ್ರ ಕೊಡುತ್ತಿದೆ, ಆದರೆ ಅಲ್ಲಿದ್ದಷ್ಟು ದಿನದ ಖರ್ಚಿಗೆ ಹಣ ತೋರಿಸಬೇಕು. ಇನ್ನು ಏಜೆಂಟರು: ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಇಲ್ಲದವರ ಕೈಗೆ ಪಾಸ್‌ಪೋರ್ಟಾಗಲಿ ಹಣವಾಗಲಿ ಕೊಡಲೇಬಾರದು.

ಹಾಗಾದರೆ ದಾರಿ? ನನ್ನ ಮಟ್ಟಿಗೆ ಅದು ಬೆಂಗಳೂರಿನ ಮೂಲಕವೇ ಹೋಗುತ್ತದೆ. 1940ರಲ್ಲಿ ವಾಲ್‌ಚಂದ್ ಹಿರಾಚಂದ್ ಅಲ್ಲಿ ವಿಮಾನ ಕಾರ್ಖಾನೆ ತೆರೆದರು, ಮುಂದೆ ಎಚ್‌ಎಎಲ್ ಆದದ್ದು ಅದೇ. 1950ರ ದಶಕದಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ತಾವೇ ಇಲ್ಲಿಗೆ ಬಂದು ಎಚ್‌ಎಎಲ್‌ಗಾಗಿ ಮಾರುತ್ ಯುದ್ಧವಿಮಾನ ವಿನ್ಯಾಸ ಮಾಡಿದರು. ಅದು 1961ರಲ್ಲಿ ಹಾರಿತು. ಈಗ ಏರ್‌ಬಸ್, ಬೋಯಿಂಗ್, ಜಿಇ ಎಲ್ಲರ ಎಂಜಿನಿಯರಿಂಗ್ ಕೇಂದ್ರಗಳೂ ಅಲ್ಲಿವೆ. ನಮ್ಮದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಇಂಥ ಕಡೆ ಮೂರು ನಾಲ್ಕು ವರ್ಷ ಒಂದೇ ವಿದ್ಯೆಯಲ್ಲಿ ಪಳಗಿದವರ ಅರ್ಜಿಗೆ ಹ್ಯಾಂಬರ್ಗಿನಲ್ಲೋ ಟುಲೂಸಿನಲ್ಲೋ ಸಿಗುವ ಬೆಲೆ, ಬರಿಯ ಅಂಕಪಟ್ಟಿಗೆ ಸಿಗದು.

ಆ ಒಂದು ವಿದ್ಯೆ ಯಾವುದು ಎಂದು ಹೊಸಕೋಟೆಯ ನೇಕಾರರ ಮನೆಯ ಮಕ್ಕಳು ಕೇಳಿದರೆ, ನಾರು–ರಾಳ ಬೆರೆಸಿ ಮಾಡುವ ಕಾಂಪೊಸಿಟ್ ಎನ್ನುತ್ತೇನೆ. ಎಳೆ ಸಡಿಲಾದರೆ, ಹಾಸು ಬಿಗಿದರೆ ಬಟ್ಟೆ ಏನಾಗುತ್ತದೆ ಎಂಬುದು ಅವರಿಗೆ ಬೆರಳಿನಲ್ಲೇ ಗೊತ್ತು. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಳ್ಳುವ ಬದಲು, ಕೈಗವಸು, ಮುಖಗವಸು ತೊಟ್ಟು, ಮನೆಯ ಮಗ್ಗದಲ್ಲೇ ಗಾಜಿನ ನಾರು ಹೂಡಿ ಒಂದು ಗೇಣು ನೇಯಲಿ. ರಾಳ ಹಾಕಿ ಗಟ್ಟಿ ಮಾಡಿ, ಕಾಲೇಜಿನ ಯಂತ್ರದಲ್ಲಿ ಹರಿಯುವವರೆಗೆ ಎಳೆದು ನೋಡಲಿ. ಸಂದರ್ಶನಕ್ಕೆ ಹೋಗುವಾಗ ಆ ಹರಿದ ತುಂಡನ್ನೂ ಅದರ ಲೆಕ್ಕವನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಲಿ.