ಹುಳುವಿನ ಹೆಸರು, ಕಡಲಿನ ಸಾಕ್ಷ್ಯ

ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವುದು ಕನ್ನಡದ ಅಧ್ಯಾಪಕನಾದ ನನಗೆ ಪರಿಚಿತವಾದ ಕೆಲಸ. ಕಡಲಹುಳುಗಳ ವಿಷಯದಲ್ಲಿಯೂ ಇಂಥದೇ ಶಿಸ್ತುಂಟು.

ಬ್ರಿಟನ್ನಿನ ಪ್ರಯೋಗಾಲಯಗಳು ಕಡಲತಳದ ಕೆಸರನ್ನು ಜರಡಿಯಾಡಿ, ಸಿಕ್ಕ ಹುಳುಗಳನ್ನೂ ಚಿಪ್ಪಿನ ಜೀವಿಗಳನ್ನೂ ಹೆಸರಿಸಿ, ಎಣಿಸಿ, ಆ ನೀರಿನ ಆರೋಗ್ಯವನ್ನು ನಿರ್ಣಯಿಸುತ್ತವೆ. ಆ ನಿರ್ಣಾಯಕರ ಕಣ್ಣನ್ನೇ ಪರೀಕ್ಷಿಸುವ ಯೋಜನೆಯೊಂದು 1990ರ ದಶಕದಿಂದ ಅಲ್ಲಿ ನಡೆದುಬಂದಿದೆ. ಹೆಸರಿಲ್ಲದ ಜೀವಿಗಳನ್ನಿಟ್ಟ ಪುಟ್ಟ ಸೀಸೆಗಳು ಪ್ರಯೋಗಾಲಯಗಳಿಗೆಲ್ಲ ಹೋಗುತ್ತವೆ. ಬಂದ ಉತ್ತರಗಳನ್ನು ಹೋಲಿಸಿದರೆ, ಕುಲದ ಹೆಸರಿನಲ್ಲಿ ಒಮ್ಮತವಿದ್ದೂ ಪ್ರಭೇದದ ಹೆಸರಿನಲ್ಲಿ ಭಿನ್ನಮತ ತಲೆದೋರುವುದುಂಟು.

ಬರಿಯ ಪಂಡಿತರ ಜಗಳವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಕ್ಯಾಪಿಟೆಲ್ಲ ಕ್ಯಾಪಿಟಾಟ ಎಂಬ ಹುಳು ಹೇರಳವಾಗಿ ಕಂಡರೆ ಅಲ್ಲಿ ಕೊಳಚೆ ಸೇರಿದೆಯೆಂದು ತಿಳಿಯುವುದು ರೂಢಿ. 1969ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತೀರದಲ್ಲಿ ಎಣ್ಣೆ ಚೆಲ್ಲಿದ ಮೇಲೆ ಈ ಹುಳುವಿನ ಬೆನ್ನುಹತ್ತಿದ ಗ್ರಾಸಲ್ ದಂಪತಿಗಳು 1976ರಲ್ಲಿ ತೋರಿಸಿಕೊಟ್ಟದ್ದೇನು? ಆ ಒಂದೇ ಹೆಸರಿನ ಮರೆಯಲ್ಲಿ ಆರು ಪ್ರಭೇದಗಳು! ಹೊರನೋಟಕ್ಕೆ ಎಲ್ಲವೂ ಒಂದೇ. ಸಂತಾನ ಬೆಳೆಸುವ ಬಗೆ ಬೇರೆ, ಕಿಣ್ವಗಳು ಬೇರೆ.

ಹತ್ತು ಲಿಪಿಕಾರರು ಒಂದೇ ತಪ್ಪನ್ನು ನಕಲು ಮಾಡಿದ್ದರೆ ಪ್ರತಿಗಳ ಹೋಲಿಕೆಯಿಂದ ಅದು ಬಯಲಾಗದು. ಈ ಪರೀಕ್ಷೆಯ ಮಿತಿಯೂ ಅದೇ ಎಂದು ನನಗೆ ತೋರುತ್ತದೆ. ಆದರೂ ಭಿನ್ನಮತ ಬಂದ ಜೀವಿಗಳನ್ನು ಅವರು ಮತ್ತೆ ಸೂಕ್ಷ್ಮದರ್ಶಕದ ಅಡಿಗಿಟ್ಟು, ವ್ಯತ್ಯಾಸದ ಲಕ್ಷಣಗಳನ್ನು ಚಿತ್ರಸಹಿತ ಬರೆದು, ವರದಿಯನ್ನು ಎಲ್ಲರಿಗೂ ಹಂಚುತ್ತಾರೆ. ವರದಿಯಲ್ಲಿ ಪ್ರಯೋಗಾಲಯದ ಹೆಸರಿರುವುದಿಲ್ಲ, ಸಂಕೇತಸಂಖ್ಯೆ ಮಾತ್ರ.